ಆವಲಪ್ಪ ಮೇಷ್ಟ್ರ ಕೊನೆಯ ಶಿಷ್ಯೆ

ದೇವನಹಳ್ಳಿ
14-2-1968

ಯಜಮಾನರಿಗೆ ಸೊಣ್ಣಮ್ಮನ ನಮಸ್ಕಾರಗಳು.

ನಾನು ಕ್ಷೇಮ. ನೆಲಮಂಗಲದ ನಿಮ್ಮ ಅಕ್ಕನ ಮನೆಯಲ್ಲಿ ನಿಮ್ಮ ಕೆಮ್ಮು ಹೇಗಿದೆಯೋ, ಬರೆಯುವವರಿಲ್ಲ.

ನಿನ್ನೆ ಆವಲಪ್ಪ ಮೇಷ್ಟ್ರನ್ನು ಅವರ ಹೊಲದಲ್ಲೇ ಮಣ್ಣು ಮಾಡಿದೆವು. ನೀವೂ ಬಂದಿದ್ದಿರೆಂದು ಅವರ ಹೆಂಡತಿ ಅಕ್ಕಯಮ್ಮನವರು ಆಮೇಲೆ ಹೇಳಿದರು. ಮನೆಗೆ ಬಾರದೆ ಹೋದಿರಲ್ಲ. ಅಳುತ್ತಿದ್ದೆ, ಕಣ್ಣು ಮಂಜಾಗಿತ್ತು, ನಿಮ್ಮನ್ನು ಕಾಣಲಿಲ್ಲ.

ತಾವು ಮಿಲಿಟರಿ ಬ್ಯಾಂಡಿನಲ್ಲಿ ಊದುತ್ತಿದ್ದ ಬ್ಯಾಗ್‌ಪೈಪನ್ನು ನಿಮಗೂ ಕಲಿಸಿ ಅದೇ ಬ್ಯಾಂಡಿಗೆ ಸೇರಿಸಿದವರು ಅವರು. ಅವರ ಮೇಲೆ ಸಿಟ್ಟು ಬೇಡ. ತಪ್ಪು ನನ್ನದು.

ಯುದ್ಧ ಬಂದರೆ ಗಾಯಾಳುಗಳನ್ನು ಹೊರುವುದು ಬ್ಯಾಂಡಿನವರ ಕೆಲಸವಂತೆ; ಹಾಗೆ ಹೊರುವಾಗ ನಿಮ್ಮ ಎದೆಗೆ ಗುಂಡಿನ ಚೂರು ಬಡಿಯಿತು. ಆಸ್ಪತ್ರೆಯಿಂದ ಬಂದವರು ಒಂದು ಕೊಡ ನೀರು ಸೇದಿದರೂ ಗೋಡೆ ಹಿಡಿದು ನಿಲ್ಲುತ್ತಿದ್ದಿರಿ. ಆದರೂ ಭಾನುವಾರ ಬಂದರೆ ಟ್ರಂಕು ತೆಗೆದು, ಪೈಪಿನ ಚರ್ಮದ ಚೀಲ ಒರೆಸಿ ಮತ್ತೆ ಒಳಗಿಡುತ್ತಿದ್ದಿರಿ. ಒಂದು ದಿನ ಬಾಯಿಗಿಟ್ಟಿರಿ. ಸ್ವರ ಹುಟ್ಟುವ ಮೊದಲೇ ಕೆಮ್ಮು ಬಂತು. ಗೋಡೆ ಕಡೆ ತಿರುಗಿ ಅತ್ತಿರಿ. ನಾನು ನೋಡದವಳಂತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ.

ಮರುವಾರವೇ ಮೇಷ್ಟ್ರ ಹೊಲದ ಮನೆಗೆ ಹೋದೆ. “ಗಂಡಸ್ರಿಗೇ ಕಷ್ಟ ಕಣಮ್ಮ ಇದು, ನಿಂಗ್ಯಾಕೆ?” ಎಂದರು.

“ಅವರ ಕಿವಿಗೆ ಒಂದ್ಸಲ ಆ ಸದ್ದು ಬೀಳ್ಲಿ ಮೇಷ್ಟ್ರೇ, ಸಾಕು” ಎಂದೆ.

ನೀವು ಸೊಸೈಟಿಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸಕ್ಕೆ ಹೋದ ಮೇಲೆ, ಅಕ್ಕಯಮ್ಮನವರು ಜಗಲಿಯಲ್ಲಿ ರಾಗಿ ಕೇರುತ್ತಾ ಕೂತಿರುವಾಗ ಪಾಠ. ನಾಲ್ಕು ತಿಂಗಳು ಚೀಲವಿಲ್ಲದ ಬರಿಯ ಕೊಳವೆ. ಆಮೇಲೆ ಚೀಲ ಕಂಕುಳಿಗೆ ಬಂತು. ಬಾಯಲ್ಲಿ ಊದಬೇಕು, ಮೊಳಕೈಯಲ್ಲಿ ಒತ್ತಬೇಕು, ಬೆರಳೂ ಆಡಬೇಕು. ಎರಡು ಸಲ ತಲೆ ಸುತ್ತಿ ಬಿದ್ದೆ. “ನೀನು ಉಸಿರೆಳ್ಕೊಳ್ಳೋವಾಗ್ಲೂ ಸದ್ದು ನಿಲ್ಬಾರ್ದು, ಚೀಲ ಇರೋದೇ ಅದಕ್ಕೆ” ಎಂದು ಎಬ್ಬಿಸಿ ನಿಲ್ಲಿಸುತ್ತಿದ್ದರು.

ಹನ್ನೊಂದು ತಿಂಗಳಾದ ಮೇಲೆ ನಮ್ಮ ಹಿತ್ತಿಲಲ್ಲಿ ನಿಮ್ಮ ಪೈಪನ್ನೇ ಹಿಡಿದು ನಿಮ್ಮ ಬ್ಯಾಂಡಿನ ರಾಗ ನುಡಿಸಿದೆ. ನಗುತ್ತೀರೆಂದುಕೊಂಡಿದ್ದೆ. ನಿಮ್ಮ ಮುಖ ಬಿಳಿಚಿಕೊಂಡಿತು. “ನಂಗೆ ಉಸಿರಿಲ್ಲ ಅಂತ ತೋರಿಸ್ಕೊಡಕ್ಕೆ ಕಲಿತ್ಯಾ?” ಎಂದಿರಿ. ನಿಮಗೋಸ್ಕರ ಕಲಿತೆ ಎಂದು ಕಾಲು ಹಿಡಿದೆ. ಬೆಳಗಿನ ಬಸ್ಸಿಗೆ ಹೊರಟುಹೋದಿರಿ. ಐದು ತಿಂಗಳಾಯಿತು.

ಮೇಷ್ಟ್ರು ಹಾಸಿಗೆ ಹಿಡಿದಾಗ ಕರೆಸಿದರು. “ನಿನ್ ಗಂಡ ಪಿಳ್ಳಪ್ಪ ಬರಲ್ಲ. ನನ್ನ ಮಣ್ಣಿಗೆ ನೀನೇ ಊದಮ್ಮ” ಎಂದರು. ಇಲ್ಲವೆನ್ನಲಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಷ್ಟು ಜನರ ಮುಂದೆ ನುಡಿಸಿದೆ. ಕೆಲವರು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಮನೆಗೆ ಬನ್ನಿ. ಪೈಪು ಟ್ರಂಕಿನಲ್ಲಿದೆ, ಬೀಗದ ಕೈ ನಿಮಗೇ ಕೊಡುತ್ತೇನೆ. ನೀವಿರುವ ಮನೆಯಲ್ಲಿ ಅದನ್ನು ಮುಟ್ಟುವುದಿಲ್ಲ.

ದಿನಾ ಎರಡು ಮುದ್ದೆ ಮಾಡಿ ಒಂದೇ ಉಣ್ಣುವ,
ಸೊಣ್ಣಮ್ಮ

ತಾ.ಕ.: ಕಾಣಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕಂಡೆ. ಹುಣಸೆಮರದ ಬುಡದಲ್ಲಿ ಖಾಕಿ ಸ್ವೆಟರು ಹಾಕಿಕೊಂಡು ನಿಂತಿದ್ದಿರಿ. ನನ್ನನ್ನೇ ನೋಡಿದಿರಿ, ಒಂದು ಹೆಜ್ಜೆ ಮುಂದಕ್ಕೂ ಇಟ್ಟಿರಿ. ಪೈಪು ಇಳಿಸಿ ಕೂಗಿದ್ದರೆ ನಿಲ್ಲುತ್ತಿದ್ದಿರಿ, ಗೊತ್ತಿತ್ತು. ರಾಗ ಇನ್ನೂ ಅರ್ಧ ಉಳಿದಿತ್ತು. ನೀವು ತಿರುಗಿ ಬದುವಿನ ಮೇಲೆ ನಡೆದುಹೋಗುವುದನ್ನು ನೋಡುತ್ತಲೇ ಊದಿದೆ. ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ.