ಎರಡೆರಡು ಗಂಟಿನ ಮುತ್ತಿನ ಸರ

ಅಮ್ಮಾ,

ಇದನ್ನು ಬರೆಯದೇ ಇದ್ದುಬಿಡೋಣ ಎಂದುಕೊಂಡಿದ್ದೆ. ನದಿಯಲ್ಲಿ ಸಿಕ್ಕ ಹೆಣದ ಕತ್ತಿನ ಸರ ಅಕ್ಕನದಲ್ಲ ಎಂದು ನಿನಗೂ ಪೊಲೀಸರಿಗೂ ಹೇಳಿದ್ದು ಸುಳ್ಳು.

"ಕಲ್ಚರ್ಡ್ ಮುತ್ತು ಯಾರ ಹತ್ರ ಬೇಕಾದ್ರೂ ಇರುತ್ತಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್. ಮುತ್ತುಗಳು ನೀರಿನಲ್ಲಿ ಹೊಳಪು ಕಳೆದುಕೊಂಡು ಸುಣ್ಣದಂತಾಗಿದ್ದವು. ಆದರೆ ಪ್ರತಿ ಮುತ್ತಿನ ಪಕ್ಕದಲ್ಲೂ ಎರಡೆರಡು ಗಂಟುಗಳಿದ್ದವು. ನಾನು ಸರ ಪೋಣಿಸುವ ಅಂಗಡಿಯಲ್ಲಿ ಎಲ್ಲರೂ ಒಂದೇ ಗಂಟು ಹಾಕುತ್ತಾರೆ. ಎರಡು ಹಾಕುವವಳು ನಾನೊಬ್ಬಳೇ. "ನಾನೇನು ಎಮ್ಮೇನಾ, ಹೀಗೆ ಬಿಗಿಯೋಕೆ?" ಎಂದು, ಆ ಸರ ಪೋಣಿಸಿಕೊಟ್ಟ ದಿನ ಅಕ್ಕ ನಕ್ಕಿದ್ದಳು.

ನಿನಗಾಗಿ ಸುಳ್ಳು ಹೇಳಿದೆನೋ, ನನಗಾಗಿಯೋ ತಿಳಿಯದು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳೇ ಬರುತ್ತದೆ.

ಅವಳು ಬಂದಾಳೆಂದು ತೆಗೆದಿಡುವ ಚಿಲಕವನ್ನು ಇನ್ನು ಹಾಕಿಕೊ. ಚಿಕ್ಕಮ್ಮನನ್ನು ಕರೆಸಿಕೊ.

ನಿನ್ನ ಕಿರಿಮಗಳು

ಸೋಮವಾರ ಪೊಲೀಸರಿಗೆ ನಿಜ ಹೇಳಿ, ಶವಾಗಾರದಿಂದ ಅವಳನ್ನು ಬಿಡಿಸಿಕೊಳ್ಳುತ್ತೇನೆ. ಇದನ್ನು ಮಂಗಳವಾರ, ಹನ್ನೆರಡನೇ ತಾರೀಕು, ಅಂಚೆಗೆ ಹಾಕುತ್ತೇನೆ.