ಅತ್ತೆಯ ಎಡಗೆನ್ನೆ

ಮಾರ್ಚ್ 2, ಭಾನುವಾರ
ಬಟ್ಟೆ ಒಗೆದದ್ದಾಯ್ತು. ಅತ್ತೆಗೆ ಮಾತ್ರೆ ಕೊಟ್ಟದ್ದಾಯ್ತು. ಇಸ್ತ್ರಿ ಬಾಕಿ. ಅಷ್ಟರಲ್ಲಿ ಫೋನು — ಮಸಿ! ಮರದ ಹಲಗೆ ಕೆತ್ತಿ ಚಿತ್ರ ಅಚ್ಚೊತ್ತುತ್ತಿದ್ದ ಹಳೇ ವರ್ಕ್‌ಶಾಪಿನ ಗೆಳತಿ. ಉಗುರಿನಿಂದ ಕಿವಿಯವರೆಗೆ ಇಂಕು ಮೆತ್ತಿಕೊಂಡೇ ಇರ್ತಿದ್ದಳು, ಅದಕ್ಕೇ ಆ ಹೆಸರು. ಹಳಬರೆಲ್ಲ ಸೇರಿ ಪ್ರಿಂಟ್‌ಗಳ ಪ್ರದರ್ಶನ ಮಾಡ್ತಾರಂತೆ. ಹೊಸ ಕೆಲಸವೇ ಬೇಕಂತೆ. ಇಪ್ಪತ್ತೆರಡು ಕೊನೇ ದಿನ.
"ನನ್ನ ಮಣಿಕಟ್ಟು ನೋವು ಗೊತ್ತಲ್ಲ..." ಅಂದೆ.
"ಹನ್ನೊಂದು ವರ್ಷದಿಂದ ಅದೇ ನೋವೇನೇ? ಬೇರೆ ಏನಾದ್ರೂ ನೆಪ ಹುಡುಕ್ಕೋ." ಇಟ್ಟೇಬಿಟ್ಟಳು.
ಇಲ್ಲಾದರೂ ನಿಜ ಬರೀತೀನಿ. ನೋವು ಆರೇ ತಿಂಗಳಿಗೆ ಹೋಗಿತ್ತು. ಆಮೇಲಿನದ್ದೆಲ್ಲ ಭಯ. ಕೈ ಮರೆತಿದ್ದರೆ?

ಮಾರ್ಚ್ 3, ರಾತ್ರಿ
ಬೆಳಿಗ್ಗೆ ಆರಕ್ಕೇ ಅಟ್ಟದಿಂದ ಉಳಿಗಳ ಡಬ್ಬ ಇಳಿಸಿದೆ. ಐದೂ ತುಕ್ಕು. ಸಾಣೆಕಲ್ಲಿಗೆ ಹಿಡಿದು ತಿಕ್ಕಿದ್ದೇ ತಿಕ್ಕಿದ್ದು. ಕೆಲಸಕ್ಕೆ ಲೇಟು. ಕನ್ನಡಕದ ಅಂಗಡಿ ಧಣಿ ನನ್ನ ಬೆರಳು ನೋಡಿ, "ಏನಮ್ಮಾ, ಸೈಕಲ್ ರಿಪೇರಿನಾ?" ಅಂದರು. ದಿನವಿಡೀ ಲೆನ್ಸ್ ಕೂರಿಸುತ್ತಾ ಒಳಗೊಳಗೇ ನಗು.

ಮಾರ್ಚ್ 5
ಏನು ಕೆತ್ತೋದು? ಮೂರು ದಿನದಿಂದ ತಲೆ ಕೆರೆದುಕೊಂಡೆ. ಇವತ್ತು ಅತ್ತೆ ಕಿಟಕಿ ಹತ್ತಿರ ಪೇಪರ್ ಓದ್ತಾ ಕೂತಿದ್ದರು. ಬೆಳಕು ಸುಕ್ಕು ಸುಕ್ಕಿಗೂ ಇಳಿದಿತ್ತು. ಅಯ್ಯೋ, ಕಣ್ಣೆದುರೇ ಇದ್ದಾರಲ್ಲ!
"ನಿಂಗೆ ಬೇರೆ ಯಾರೂ ಸಿಗಲಿಲ್ವಾ?"
"ಅಲ್ಲಾಡಬೇಡಿ ಅತ್ತೆ."
"ನೊಣ ಕೂತ್ರೆ?"
"ಅದನ್ನೂ ಕೆತ್ತುತೀನಿ."
ನಾನು ಪೆನ್ಸಿಲಲ್ಲಿ ಗೀಚಿಕೊಳ್ಳುವಾಗ ಅರ್ಧ ಗಂಟೆ ಕಲ್ಲಿನ ಹಾಗೆ ಕೂತರು. ಮುಖ ಮಾತ್ರ ಯಾರೋ ಬೈದ ಹಾಗೆ. ಅದೇ ಬೇಕಿತ್ತು ನಂಗೆ.

ಮಾರ್ಚ್ 9, ಭಾನುವಾರ
ಕೆತ್ತಿದೆ! ಕೆತ್ತಿದೆ! ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ. ಕಿತ್ತ ಕಡೆ ಬಿಳಿ, ಬಿಟ್ಟ ಕಡೆ ಕಪ್ಪು — ಎಷ್ಟು ಸಣ್ಣ ಲೆಕ್ಕ, ಎಂಥ ಆಟ. ಉಳಿ ತಾನಾಗಿ ತಿರುಗುತ್ತೆ. ಕೈ ಏನೂ ಮರೆತಿಲ್ಲ, ನಾನೇ ಅದನ್ನು ನಂಬಲಿಲ್ಲ. ಇವರು ಬಂದು ನೆಲದ ತುಂಬ ಮರದ ಚೂರು ನೋಡಿ, "ಮನೇಲಿ ಇಲಿ ಸೇರ್ಕೊಂಡಿದೆ ಕಣೇ" ಅಂತ ಪೊರಕೆ ತಗೊಂಡರು. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಪೊರಕೆ ಹಿಡಿದದ್ದು ಇದೇ ಮೊದಲು. ದಿನಾಂಕ ನೆನಪಿರಲಿ.

ಮಾರ್ಚ್ 16, ಭಾನುವಾರ, 11 ಗಂಟೆ
ಅಚ್ಚೊತ್ತೋಕೆ ಮನೇಲಿ ಪ್ರೆಸ್ ಇಲ್ಲ. ಇದ್ದರೆಷ್ಟು, ಬಿಟ್ಟರೆಷ್ಟು! ಹಲಗೆಗೆ ಇಂಕು ಉರುಳಿಸಿ, ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿಂದ ಉಜ್ಜಿದೆ. ತೋಳು ಬಿದ್ದುಹೋಗುವಷ್ಟು. ಮೂಲೆ ಹಿಡಿದು ಮೆಲ್ಲಗೆ ಎತ್ತಿದೆ... ಅತ್ತೆ! ಜೀವಂತ ಅತ್ತೆ! ಆ ಗಂಟುಮುಖ, ಆ ಹುಬ್ಬು! ಕಿರುಚಿಬಿಟ್ಟೆ. ಇವರು ಓಡಿ ಬಂದರು, ಕೈ ಕುಯ್ಕೊಂಡೆ ಅಂತ.

ಅದೇ ದಿನ, 12
ಇವರೇ ನೋಡಿದ್ದು. "ಅಮ್ಮನ ಮಚ್ಚೆ ಎಡಗೆನ್ನೆ ಮೇಲಲ್ವಾ? ಇಲ್ಲಿ ಬಲಕ್ಕಿದೆ."
ಅಚ್ಚು ತಿರುವುಮುರುವು ಬರುತ್ತೆ — ಮೊದಲ ದಿನದ ಪಾಠ! ಚಿತ್ರ ತಿರುಗಿಸಿ ಹಲಗೆಗೆ ಇಳಿಸಬೇಕಿತ್ತು. ಹುಮ್ಮಸ್ಸಲ್ಲಿ ನೇರ ಇಳಿಸಿದ್ದೀನಿ. ಶನಿವಾರವೇ ಕೊನೇ ದಿನ, ಮತ್ತೆ ಕೆತ್ತೋಕೆ ಇನ್ನೊಂದು ಭಾನುವಾರ ಎಲ್ಲಿದೆ? ಕಳಿಸಲ್ಲ. ಮಸಿ ನಕ್ಕಾಳು. ಅವಳೊಬ್ಬಳೇ ಅಲ್ಲ, ಹಳಬರೆಲ್ಲ. ಡಬ್ಬ ಅಟ್ಟಕ್ಕೆ ಹೋಗಲಿ.

ಮಾರ್ಚ್ 17
ಸಂಜೆ ಬಂದರೆ ಪ್ರಿಂಟು ಅತ್ತೆ ಕೈಯಲ್ಲಿ. ಕನ್ನಡಕ ಏರಿಸಿ, ಇಳಿಸಿ, ನೋಡ್ತಿದ್ದರು.
"ತಪ್ಪಾಗಿದೆ ಅತ್ತೆ. ಮಚ್ಚೆ ಆ ಕಡೆ ಹೋಗಿದೆ."
"ಯಾರು ಹೇಳಿದ್ದು? ಎಪ್ಪತ್ತೆಂಟು ವರ್ಷದಿಂದ ಕನ್ನಡೀಲಿ ನೋಡ್ತಾ ಇದ್ದೀನಿ. ಈ ಕಡೇನೇ ಇರೋದು."
ಪ್ರಿಂಟನ್ನು ಇನ್ನೂ ಹತ್ತಿರ ಹಿಡಿದುಕೊಂಡರು.
"ಫೋಟೋದಲ್ಲಿ ಯಾವತ್ತೂ ನಾನು ನನ್ನ ಹಾಗೆ ಕಾಣಲ್ಲ ಕಣೇ. ಯಾರೋ ಅಂತ ಅನ್ಸುತ್ತೆ. ಇದು ನಾನು." ಆಮೇಲೆ, "ಮೂಗು ಮಾತ್ರ ಜಾಸ್ತಿ ಆಯ್ತು."
ಬಚ್ಚಲಿಗೆ ಹೋಗಿ ಸ್ವಲ್ಪ ಅತ್ತೆ. ಅಳೋದು ಅಂತ. ಈ ಪದವೂ ಅವರದೇ ಆಗಿಹೋಯ್ತು!

ಮಾರ್ಚ್ 21
ಆರು ಪ್ರತಿ ತೆಗೆದು, ಒಳ್ಳೇದನ್ನ ಆರಿಸಿ, ನಾನೇ ಕೊಟ್ಟು ಬಂದೆ. ಮಸಿ ಕಾಗದ ಬೆಳಕಿಗೆ ಹಿಡಿದು ನಿಂತಳು. ಕೊನೆಗೆ, "ಎಲ್ಲಿ ಹೋಗಿದ್ಯೇ ಇಷ್ಟು ದಿನ?" ಅಂದಳು. ಬಸ್ಸಲ್ಲಿ ಕೂತರೂ ಕಾಲು ನೆಲದ ಮೇಲಿರಲಿಲ್ಲ.

ಮಾರ್ಚ್ 30, ಭಾನುವಾರ, ಮಧ್ಯಾಹ್ನ 3
ಶುಕ್ರವಾರ ಮಸಿ ಫೋನು: ಬಾಗಿಲು ತೆಗೆದ ಕೂಡಲೇ ಕಾಣೋ ಗೋಡೆಗೆ ಅತ್ತೆಯನ್ನೇ ತೂಗುಹಾಕ್ತಾರಂತೆ! ಭಾನುವಾರಗಳಲ್ಲಿ ವರ್ಕ್‌ಶಾಪಿನ ಪ್ರೆಸ್ ನನಗೇ ಬಿಡ್ತಾಳಂತೆ. ಪ್ರದರ್ಶನಕ್ಕೆ ಉಡೋಕೆ ಅಂತ ಅತ್ತೆ ಬೆಳಿಗ್ಗೆಯಿಂದ ಮೂರು ಸೀರೆ ಬದಲಾಯಿಸಿ ನೋಡಾಯ್ತು.
ಹೊಸ ಹಲಗೆ ತಂದಿದ್ದೀನಿ. ಏನು ಅಂತ ಗೊತ್ತಿಲ್ಲ, ಕೈ ಮಾತ್ರ ತಡೀತಿಲ್ಲ. ಇವರು ಸೋಫಾದ ಮೇಲೆ ಬಾಯಿ ಬಿಟ್ಟು ನಿದ್ದೆ, ಒಂದು ಕಾಲು ಗೋಡೆಗೆ. ಎಂಥ ಗೆರೆಗಳು! ಇಪ್ಪತ್ತು ವರ್ಷ ಈ ಗದ್ದ ನಾನು ನೋಡೇ ಇಲ್ವಲ್ಲ... ಎಚ್ಚರ ಆಗ್ತಿದೆ — ಏಳಬೇಡ್ರೀ, ಹಾಗೇ, ಒಂದೇ ನಿಮಿ