ಬೆಳೆಯದ ಊರಿಗೆ ಬಂದವರು

ಲೆತ್‌ಬ್ರಿಡ್ಜ್, ಕೆನಡಾ
ಫೆಬ್ರವರಿ ೩೦, ೨೧೮೭

ನಮಗಿಂತ ಮೊದಲು ಬದುಕಿದವರಿಗೆ, ಮಲಪ್ರಭಾ ಕೊಣ್ಣೂರ ಮಾಡುವ ಶರಣು.

ಮೊದಲು ಈ ತಾರೀಖಿನ ಬಗ್ಗೆ ಹೇಳಿಬಿಡುತ್ತೇನೆ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲ ಎಂಬುದು ನನಗೆ ಗೊತ್ತು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಒಟ್ಟಿಗೆ ಬರುತ್ತವೆ. ಆಗ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ನನ್ನ ಭಾಷೆಯ ಬಗ್ಗೆಯೂ ಕ್ಷಮೆ ಕೇಳಬೇಕು. ನಾವು ಮನೆಯಲ್ಲಿ ಆಡುವುದು ಧಾರವಾಡದ ಕಡೆಯಿಂದ ಬಂದ ಹಿರಿಯರ ಕನ್ನಡ. ಬರೆಯುವ ಕನ್ನಡವನ್ನು ನಾನು ನಿಮ್ಮ ಕಾಲದ ಪುಸ್ತಕಗಳಿಂದ ಕಲಿತೆ. ಎಲ್ಲಾದರೂ ಮಾತು ಬಿಗಿಯಾಗಿ, ಸರ್ಕಾರಿ ಆದೇಶದ ಹಾಗೆ ಕಂಡರೆ ಅದು ಕಲಿತ ಭಾಷೆಯ ಬಿಗಿತ, ನನ್ನ ಸ್ವಭಾವದ್ದಲ್ಲ.

ಈಗ ಬರೆಯಲು ಕಾರಣವಿದೆ. ನಿಮ್ಮ ಕಾಲದವರು ಕೆನಡಾದ ಮಧ್ಯಮ ಗಾತ್ರದ ಊರುಗಳನ್ನು ಎರಡೆರಡಾಗಿ ಪಕ್ಕಕ್ಕಿಟ್ಟು, ಯಾವುದರ ಜನಸಂಖ್ಯೆ ಮುಂದೆ ಹೆಚ್ಚು ಬೆಳೆಯುತ್ತದೆ ಎಂದು ಹೋಲಿಸುತ್ತಿದ್ದರಂತೆ. ಮನೆ ಕೊಳ್ಳುವವರು, ಅಂಗಡಿ ಇಡುವವರು, ಬಸ್ಸು ಬಿಡುವವರು ಅದನ್ನು ಓದುತ್ತಿದ್ದರಂತೆ. ನನ್ನ ಕಾಲಕ್ಕೆ ಆ ಹೋಲಿಕೆ ಓದುವ ವಿಷಯವಾಗಿ ಉಳಿದಿರಲಿಲ್ಲ. ಅದು ಕಾನೂನಾಗಿತ್ತು. ನಮ್ಮ ಅವ್ವ ದಾಕ್ಷಾಯಣಿ ಅಂಥದ್ದೊಂದು ಹೋಲಿಕೆಯನ್ನು ಬರೆದವಳು. ಅದರಿಂದ ಏನಾಯಿತು ಎಂಬುದನ್ನು ನಿಮಗೆ ತಿಳಿಸಬೇಕು.

ಆಗ ನೆಲೆಮಂಡಳಿ ಎಂಬ ಸಂಸ್ಥೆಯಿತ್ತು. ಸಮುದ್ರ ಏರಿ ಊರು ಬಿಟ್ಟವರನ್ನು ನಾವು ತೀರಬಿಟ್ಟವರು ಎನ್ನುತ್ತೇವೆ. ಅವರು ಹಡಗುಗಟ್ಟಲೆ, ರೈಲುಗಟ್ಟಲೆ ಬರುತ್ತಿದ್ದರು. ಅವರನ್ನು ಎಲ್ಲಿಗೆ ಕಳಿಸಬೇಕು, ವೈದ್ಯರನ್ನೂ ಶಿಕ್ಷಕರನ್ನೂ ಎಲ್ಲಿಗೆ ಕೊಡಬೇಕು ಎಂದು ತೀರ್ಮಾನಿಸುವುದು ಮಂಡಳಿಯ ಕೆಲಸ. ಹತ್ತು ವರ್ಷಕ್ಕೊಮ್ಮೆ ಅದು ಎರಡೆರಡು ಊರುಗಳನ್ನು ಜೋಡಿ ಮಾಡಿ ತೂಗುತ್ತಿತ್ತು. ಬೆಳೆಯುತ್ತದೆ ಎನ್ನಿಸಿಕೊಂಡ ಊರಿಗೆ ಎಲ್ಲವೂ. ಇನ್ನೊಂದಕ್ಕೆ ‘ಶಾಂತ ಊರು’ ಎಂಬ ಹೆಸರು. ಕೇಳಲು ಚೆನ್ನಾಗಿದೆ, ಆದರೆ ಶಾಂತ ಊರಿನಲ್ಲಿ ಮೊದಲು ಮುಚ್ಚುತ್ತಿದ್ದದ್ದು ಹೆರಿಗೆ ವಾರ್ಡು.

೨೧೨೮ರಲ್ಲಿ ಥಂಡರ್ ಬೇ ಮತ್ತು ಲೆತ್‌ಬ್ರಿಡ್ಜ್ ಜೋಡಿಯಾದವು. ನಾವಿದ್ದದ್ದು ಥಂಡರ್ ಬೇಯಲ್ಲಿ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಮಂಡಳಿಯಲ್ಲಿ ಜನಸಂಖ್ಯೆಯ ಅಂದಾಜು ಬರೆಯುವ ಅಧಿಕಾರಿ. ಅವಳು ಹುಟ್ಟಿ ಬೆಳೆದದ್ದು ಲೆತ್‌ಬ್ರಿಡ್ಜಿನಲ್ಲಿ; ಅವಳ ಅಕ್ಕ ಗೌರವ್ವ, ಅಂದರೆ ನನ್ನ ದೊಡ್ಡವ್ವ, ಅಲ್ಲೇ ಹೆರಿಗೆ ವಾರ್ಡಿನ ಮುಖ್ಯ ದಾದಿಯಾಗಿದ್ದಳು. ಈ ಸಂಬಂಧವನ್ನು ಅವ್ವ ಮಂಡಳಿಗೆ ಮೊದಲೇ ತಿಳಿಸಿದ್ದಳು. ಸಂಬಂಧವಿಲ್ಲದ ಊರು ಯಾರಿಗಿದೆ ಎಂದು ಅವರು ಕೆಲಸವನ್ನು ಅವಳಿಗೇ ಒಪ್ಪಿಸಿದರು.

ಎರಡು ಊರುಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ಥಂಡರ್ ಬೇಗೆ ಸುಪೀರಿಯರ್ ಸರೋವರವಿದೆ. ನೀರಿಗೆ ಬರವೆಂಬುದು ಆ ಊರಿಗೆ ಗೊತ್ತಿಲ್ಲ. ನನ್ನ ಬಾಲ್ಯದಲ್ಲಿ ಅಲ್ಲಿ ಮುಚ್ಚುಬೀದಿಗಳು ಬಂದಿದ್ದವು, ಎಂದರೆ ಗಾಜಿನ ಚಾವಣಿ ಹೊದ್ದ ರಸ್ತೆಗಳು. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದರೂ ನಾವು ಸ್ವೆಟರಿನಲ್ಲೇ ಶಾಲೆಗೆ ಹೋಗುತ್ತಿದ್ದೆವು. ಬಂದರಿನಲ್ಲಿ ಕೆಲಸ ಧಾರಾಳ. ಲೆತ್‌ಬ್ರಿಡ್ಜ್ ಬಯಲಿನ ಊರು. ಬೇಸಿಗೆಯಲ್ಲಿ ಓಲ್ಡ್‌ಮನ್ ನದಿ ಮಂಡಿಯವರೆಗೂ ಬರುವುದಿಲ್ಲ. ಗಾಳಿ ಹೇಗೆ ಬೀಸುತ್ತದೆಂದರೆ ಒಣಹಾಕಿದ ಬಟ್ಟೆಯನ್ನು ಪಕ್ಕದ ಬೀದಿಯಿಂದ ತರಬೇಕು. ಪ್ರತಿ ಮನೆಗೂ ನೀರು ಅಳತೆಯ ಪ್ರಕಾರ. ಸ್ನಾನ ದಿನ ಬಿಟ್ಟು ದಿನ. ಬಿಸಿಲು ಏರಿದ ಮೇಲೆ ಅಲ್ಲಿ ಗೋಧಿ ಹಿಂದೆ ಸರಿದು ಬಿಳಿಜೋಳ ಬಂತು. ನಮ್ಮವರು ಅಲ್ಲಿ ನಿಂತದ್ದಕ್ಕೆ ರೊಟ್ಟಿಯೇ ಅರ್ಧ ಕಾರಣ ಎಂದು ದೊಡ್ಡವ್ವ ಹೇಳುತ್ತಿದ್ದಳು. ಊರಿನ ಹೆಣ್ಣುಮಕ್ಕಳಿಗೆ ಥಂಡರ್ ಬೇಯವರಿಗಿಂತ ಹೆಚ್ಚು ಮಕ್ಕಳಾಗುತ್ತಿದ್ದವು. ಆದರೆ ಆ ಮಕ್ಕಳು ದೊಡ್ಡವರಾಗಿ ನೀರಿದ್ದ ಕಡೆಗೆ ಹೋಗುತ್ತಿದ್ದರು.

ಹೋಲಿಕೆ ಬರೆಯುವ ಮೊದಲು ಅವ್ವ ಲೆತ್‌ಬ್ರಿಡ್ಜನ್ನು ನೋಡಿ ಬರಲು ಹೋದಳು. ಶಾಲೆಗೆ ರಜೆ ಇದ್ದುದರಿಂದ ನಾನೂ ಹೋದೆ. ನನಗೆ ಹದಿನೈದು. ಮೂರನೆಯ ದಿನ ಮಧ್ಯಾಹ್ನ ದೊಡ್ಡವ್ವ ರೊಟ್ಟಿ ಬಡಿಯುತ್ತ, ಅವ್ವನ ಕಡೆ ತಿರುಗದೆ ಕೇಳಿದಳು.

“ಏನ್ ಬರೀತಿ, ದಾಕ್ಷಾಯಣಿ?”

“ಕಂಡದ್ದ ಬರೀತೀನಿ ಅಕ್ಕಾ.”

“ಏನ್ ಕಂಡಿ?”

“ಈ ಊರು ಕಡಿಮಿ ಆಗ್ತದ. ನದ್ಯಾಗ ನೀರಿಲ್ಲ. ಹುಡುಗೂರು ಹೊಂಟಾರ. ನೀನೂ ನೋಡಾಕತ್ತೀಯಲ್ಲ.”

“ನೋಡಾಕತ್ತೀನಿ. ಹುಟ್ಟೋ ಕೂಸುಗಳ್ನೂ ನೋಡಾಕತ್ತೀನಿ. ನೀ ಹಂಗ ಬರದ್ರ ನಾಳಿ ನನ್ನ ವಾರ್ಡಿಗೆ ಬೀಗ ಬೀಳ್ತದ, ಗೊತ್ತದ ಇಲ್ಲ ನಿಂಗ?”

“ಗೊತ್ತದ.”

“ಗೊತ್ತಿದ್ದೂ ಬರೀತಿ?”

“ಸುಳ್ಳ ಬರದು ವಾರ್ಡ್ ಉಳಿಸಿದ್ರ, ಬ್ಯಾರೆ ಊರಿನ ಅಧಿಕಾರಿನೂ ತನ್ನ ಅಕ್ಕನ ಸಲುವಾಗಿ ಸುಳ್ಳ ಬರೀತಾನ. ಆಮ್ಯಾಲೆ ಯಾರಿಗೂ ಏನೂ ತಿಳಿಯಂಗಿಲ್ಲ” ಎಂದಳು ಅವ್ವ.

ದೊಡ್ಡವ್ವ ತವೆಯ ಮೇಲಿನ ರೊಟ್ಟಿ ತಿರುಗಿಸಿ, “ಊಟಾ ಮಾಡ್ರಿ” ಎಂದಳು. ನಾವು ಅಲ್ಲಿದ್ದ ಉಳಿದ ದಿನಗಳಲ್ಲಿ ಅವಳು ತಂಗಿಯೊಡನೆ ಬೇರೆ ಮಾತು ಆಡಲಿಲ್ಲ.

ಅವ್ವ ವರದಿಯಲ್ಲಿ ಥಂಡರ್ ಬೇ ಬೆಳೆಯುತ್ತದೆ, ಲೆತ್‌ಬ್ರಿಡ್ಜ್ ನಿಧಾನವಾಗಿ ಕುಗ್ಗುತ್ತದೆ ಎಂದು ಬರೆದಳು. ಕೊನೆಯಲ್ಲಿ, ಕುಗ್ಗುವ ಊರಿನಲ್ಲೂ ಜನ ಇರುತ್ತಾರೆ, ಆದ್ದರಿಂದ ಹೆರಿಗೆ ವಾರ್ಡನ್ನು ಮುಚ್ಚಕೂಡದು ಎಂದು ಸೇರಿಸಿದಳು. ಮಂಡಳಿಯ ಅಧ್ಯಕ್ಷೆ ಟರ್ಕಾಟ್ ಎಂಬವರು ಆ ಭಾಗವನ್ನು ತೆಗೆಸಿದರು. “ನಾವು ನಿಮ್ಮನ್ನು ಕೇಳಿದ್ದು ಒಂದು ಊರಿನ ಹೆಸರು. ಸಲಹೆಯನ್ನಲ್ಲ” ಎಂದರಂತೆ. ಅವರು ಕೆಟ್ಟವರಲ್ಲ. ಅವರ ಬಳಿ ವೈದ್ಯರು ಕಡಿಮೆಯಿದ್ದರು, ಊರುಗಳು ಹೆಚ್ಚಿದ್ದವು. ಎರಡು ತಿಂಗಳಲ್ಲಿ ಲೆತ್‌ಬ್ರಿಡ್ಜಿನ ವಾರ್ಡು ಮುಚ್ಚಿತು. ಬಸುರಿಯರು ಕ್ಯಾಲ್ಗರಿಗೆ ಹೋಗಬೇಕೆಂದು ಆದೇಶವಾಯಿತು. ಬಯಲಿನಲ್ಲಿ ಎರಡು ಗಂಟೆಯ ದಾರಿ, ಹಿಮ ಬಿದ್ದರೆ ಎಷ್ಟೆಂದು ಹೇಳಲಾಗದು.

ಮರುವರ್ಷ ವಸಂತ ಬಂದಾಗ ಒಂದು ಬೆಳಿಗ್ಗೆ ಅವ್ವ ಕೆಲಸ ಬಿಟ್ಟೆನೆಂದು ಹೇಳಿ ಪೆಟ್ಟಿಗೆ ತುಂಬತೊಡಗಿದಳು. ನನ್ನನ್ನು ಕೇಳಿದವರಿಲ್ಲ. ಎಲ್ಲರೂ ಥಂಡರ್ ಬೇಗೆ ಬರುತ್ತಿದ್ದ ಕಾಲದಲ್ಲಿ ನಾವು ಅಲ್ಲಿಂದ ಲೆತ್‌ಬ್ರಿಡ್ಜಿಗೆ ಹೊರಟೆವು. ನಮ್ಮ ರೈಲು ಖಾಲಿ ಇತ್ತು. ಎದುರಿನಿಂದ ಬರುವ ಪ್ರತಿ ರೈಲಿನಲ್ಲೂ ಜನ ನಿಂತಿದ್ದರು. ನಾನು ದಾರಿಯುದ್ದಕ್ಕೂ ಅತ್ತೆ. ಸಮಾಧಾನ ಮಾಡಲು ಅವ್ವನಿಗೆ ಬರುತ್ತಿರಲಿಲ್ಲ. ಕಿತ್ತಳೆ ಹಣ್ಣು ಸುಲಿದು ಒಂದೊಂದೇ ತೊಳೆಯನ್ನು ನನ್ನ ಕೈಗೆ ಇಡುತ್ತ ಕೂತಿದ್ದಳು.

ದೊಡ್ಡವ್ವ ಬಾಗಿಲು ತೆರೆದು ಪೆಟ್ಟಿಗೆಗಳನ್ನು ನೋಡಿದಳು.

“ಎಷ್ಟ ದಿನಕ್ಕ ಬಂದೀ?”

“ಇರಾಕ ಬಂದೀನಿ.”

“ನಿನ್ನ ಲೆಕ್ಕದಾಗ ಈ ಊರಾಗ ಯಾರೂ ಇರಂಗಿಲ್ಲಲ್ಲ.”

“ಕಡಿಮಿ ಆಗ್ತಾರಂತ ಬರದೀನಿ ಅಕ್ಕಾ. ಯಾರೂ ಇರಂಗಿಲ್ಲಂತ ಬರದಿಲ್ಲ.”

ದೊಡ್ಡವ್ವ ನನ್ನನ್ನು ಮಾತ್ರ ಅಪ್ಪಿಕೊಂಡು ಒಳಗೆ ಕರೆದಳು. ಅವ್ವ ಪೆಟ್ಟಿಗೆಗಳನ್ನು ತಾನೇ ಎತ್ತಿಕೊಂಡು ಬಂದಳು.

ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಉಪ್ಪು, ನೀರು, ಬಾಗಿಲು ಎಂಬಷ್ಟೇ ಮಾತಿನಲ್ಲಿ ಹೇಗೆ ಬದುಕಬಹುದು ಎಂಬುದನ್ನು ನಾನು ನೋಡಿದ್ದೇನೆ. ಅವ್ವ ಶಾಲೆಯಲ್ಲಿ ಗಣಿತ ಕಲಿಸಲು ಸೇರಿದಳು. ದೊಡ್ಡವ್ವ ಬಸುರಿಯರನ್ನು ಕ್ಯಾಲ್ಗರಿಗೆ ಕರೆದೊಯ್ಯುವ ವ್ಯಾನಿನಲ್ಲಿ ಜೊತೆಗೆ ಹೋಗುತ್ತಿದ್ದಳು. ನಾನು ಮಾತ್ರ ನಿಧಾನಕ್ಕೆ ಊರಿಗೆ ಒಗ್ಗಿದೆ. ಕ್ಲಾಸಿನಲ್ಲಿ ಮಕ್ಕಳು ಕಡಿಮೆಯಾದ್ದರಿಂದ ಎಲ್ಲರಿಗೂ ಎಲ್ಲರ ಮನೆಯ ಅಡುಗೆ ಗೊತ್ತಿತ್ತು. ನದಿಯಾಚೆಯ ಬ್ಲ್ಯಾಕ್‌ಫುಟ್ ಮೂಲನಿವಾಸಿ ಹುಡುಗಿಯರು, ಊರು ಕುಗ್ಗುತ್ತದೆ ಎಂದು ಹೊರಗಿನವರು ಚಿಂತಿಸುವುದನ್ನು ಕೇಳಿ ನಗುತ್ತಿದ್ದರು. ಅವರ ಜನ ಈ ಊರು ಹುಟ್ಟುವುದಕ್ಕೆ ಬಹಳ ಮೊದಲಿನಿಂದ ಇಲ್ಲಿದ್ದವರು.

ಮೂರನೆಯ ಚಳಿಗಾಲದಲ್ಲಿ ನಮ್ಮ ಎದುರು ಮನೆಯ ರೊಸಾಲ್ವಾ ಎಂಬವಳಿಗೆ ದಿನ ತುಂಬುವ ಮೊದಲೇ ನೋವು ಬಂತು. ಆಕೆ ತೀರಬಿಟ್ಟವಳು, ಮಂಡಳಿ ಬೇರೆಡೆಗೆ ಕಳಿಸಿದ್ದರೂ ಗಂಡನೊಡನೆ ಬೇಕೆಂದೇ ಈ ಊರನ್ನು ಆರಿಸಿಕೊಂಡಿದ್ದಳು. ದೊಡ್ಡವ್ವ ವ್ಯಾನಿನಲ್ಲಿ ಹತ್ತಿಸಿಕೊಂಡು ಹೋದಳು. ಅರ್ಧ ದಾರಿಯಲ್ಲಿ ಹಿಮಗಾಳಿ ಎದ್ದು ರಸ್ತೆ ಮುಚ್ಚಿತು. ಕೂಸು ವ್ಯಾನಿನಲ್ಲೇ ಹುಟ್ಟಿತು. ಅದನ್ನು ಬೆಚ್ಚಗಿಡುವ ಯಂತ್ರ ವ್ಯಾನಿನಲ್ಲಿರಲಿಲ್ಲ. ಆ ಯಂತ್ರವನ್ನು ಮುಚ್ಚಿದ ವಾರ್ಡಿನಲ್ಲಿ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದರು. ದೊಡ್ಡವ್ವ ಕೂಸನ್ನು ತನ್ನ ಎದೆಗೆ ಒತ್ತಿಕೊಂಡು ಬೆಚ್ಚಗಿಟ್ಟಳು. ರಸ್ತೆ ತೆರೆಯುವ ಮೊದಲೇ ಅದು ತೀರಿಕೊಂಡಿತು. ತಾಯಿ ಉಳಿದಳು.

ಮಾರನೆಯ ದಿನ ದೊಡ್ಡವ್ವ ಹಿಂತಿರುಗಿ, ಕೋಟನ್ನೂ ತೆಗೆಯದೆ ಅವ್ವನ ಎದುರು ನಿಂತಳು.

“ದಾಕ್ಷಾಯಣಿ, ಆ ಕೂಸು ಯಾವ ಊರಿಂದು? ಇಲ್ಲಿ ಹುಟ್ಟಿಲ್ಲ, ಕ್ಯಾಲ್ಗರ್ಯಾಗೂ ಹುಟ್ಟಿಲ್ಲ. ನಿಮ್ಮ ಲೆಕ್ಕದಾಗ ಅದನ್ನ ಎಲ್ಲಿ ಇಡ್ತೀರಿ?”

ಅವ್ವ ಎದ್ದು ಅಕ್ಕನ ಕೋಟಿನ ಗುಂಡಿಗಳನ್ನು ಬಿಚ್ಚಿದಳು. ಆಮೇಲೆ, “ನಮ್ಮೂರಿಂದು” ಎಂದಳು.

ಆ ಊರನ್ನು ಅವಳು ನಮ್ಮೂರು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ದೊಡ್ಡವ್ವ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅವ್ವ ಪಕ್ಕದಲ್ಲಿ ಕೂತಳು. ನಾನು ಚಹಾ ಮಾಡಿ ತಂದಾಗ ಇಬ್ಬರೂ ಕುಡಿಯಲಿಲ್ಲ; ಆದರೆ ಒಬ್ಬರ ಕೈ ಇನ್ನೊಬ್ಬರ ಕೈಯಲ್ಲಿತ್ತು.

ದೊಡ್ಡವ್ವನ ಪ್ರಶ್ನೆಯೊಳಗೆ ಏನಿತ್ತೆಂದು ಅವ್ವನಿಗೆ ತಕ್ಷಣ ಹೊಳೆದಿತ್ತು. ಮಂಡಳಿಯ ನಿಯಮದಲ್ಲಿ ಕೂಸು ಹುಟ್ಟಿದ ಜಾಗವೇ ಅದರ ಊರು. ವಾರ್ಡು ಮುಚ್ಚಿದ ಮೇಲೆ ನಮ್ಮ ಬಸುರಿಯರೆಲ್ಲ ಕ್ಯಾಲ್ಗರಿಯಲ್ಲಿ ಹೆತ್ತರು. ಕಾಗದದ ಮೇಲೆ ಲೆತ್‌ಬ್ರಿಡ್ಜಿನಲ್ಲಿ ಹುಟ್ಟೇ ನಿಂತುಹೋಯಿತು. ಮುಂದಿನ ಹೋಲಿಕೆಯಲ್ಲಿ ಅದನ್ನು ತೋರಿಸಿ ಶಾಲೆಯನ್ನೂ ಮುಚ್ಚುವವರಿದ್ದರು. ಅವ್ವ ಮನೆಮನೆಗೆ ಹೋಗಿ ತಾಯಂದಿರನ್ನು ಕಂಡು, ಊರಿನ ಹೊರಗೆ ಹುಟ್ಟಿದ ಕೂಸುಗಳ ಪಟ್ಟಿ ಮಾಡಿದಳು. ಇದೇ ಸ್ಥಿತಿಯ ಬೇರೆ ಶಾಂತ ಊರುಗಳಿಗೂ ಹೋದಳು. ಅವಳ ಜೊತೆ ಹೋಗುತ್ತಿದ್ದದ್ದು ದೊಡ್ಡವ್ವ. ಅವ್ವನಿಗೆ ಅಪರಿಚಿತರ ಮನೆಯಲ್ಲಿ ಮಾತು ಹೊರಡುತ್ತಿರಲಿಲ್ಲ. ದೊಡ್ಡವ್ವನಿಗೆ ಅಪರಿಚಿತರೇ ಇರಲಿಲ್ಲ.

೨೧೩೮ರ ಹೋಲಿಕೆಯ ವಿಚಾರಣೆಗೆ ಮೂವರೂ ಹೋದೆವು. ರೊಸಾಲ್ವಾ ಕೂಡ ಬಂದಳು. ಅಧ್ಯಕ್ಷೆ ಆಗಲೂ ಟರ್ಕಾಟ್ ಅವರೇ, ಕೂದಲು ನೆರೆತಿತ್ತು. “ನಿಮ್ಮ ಅಂದಾಜು ಹೆಚ್ಚುಕಡಿಮೆ ನಿಜವಾಗಿದೆ. ಈಗ ಅದು ತಪ್ಪು ಎನ್ನಲು ಬಂದಿರಾ?” ಎಂದು ಕೇಳಿದರು.

“ಇಲ್ಲ. ಅಂದಾಜು ಸರಿಯಾಗಿಯೇ ಇತ್ತು. ಊರು ಕುಗ್ಗಿದೆ, ಇನ್ನೂ ಕುಗ್ಗುತ್ತದೆ” ಎಂದಳು ಅವ್ವ. “ಮುಂದೆ ಎಷ್ಟು ಜನ ಇರುತ್ತಾರೆ ಎಂದು ನೀವು ಕೇಳಿದಿರಿ, ನಾನು ಹೇಳಿದೆ. ಈಗ ಇರುವವರಿಗೆ ಏನು ಬೇಕು ಎಂಬ ಪ್ರಶ್ನೆಗೆ ಅದನ್ನೇ ಉತ್ತರ ಮಾಡಿಕೊಂಡಿರಿ.”

ಆಮೇಲೆ ರೊಸಾಲ್ವಾ ಎದ್ದು ನಿಂತು ತನ್ನ ಕೂಸಿನ ಹೆಸರು ಹೇಳಿದಳು. ಬೇರೇನೂ ಹೇಳಲಿಲ್ಲ. ಸಭೆಯಲ್ಲಿ ಯಾರೂ ಅವಳಿಗೆ ಕೂರಲು ಹೇಳಲಿಲ್ಲ.

ನಿಯಮ ಬದಲಾಗಲು ಇನ್ನೂ ಎರಡು ವರ್ಷ ಹಿಡಿಯಿತು. ಈಗ ತಾಯಿ ವಾಸವಿರುವ ಊರೇ ಕೂಸಿನ ಊರು. ಬೆಳವಣಿಗೆಯ ಅಂದಾಜನ್ನು ತೋರಿಸಿ ಹೆರಿಗೆ ವಾರ್ಡನ್ನೋ ಶಾಲೆಯನ್ನೋ ಮುಚ್ಚುವಂತಿಲ್ಲ. ನಮ್ಮ ವಾರ್ಡು ಮತ್ತೆ ತೆರೆದಾಗ ದೊಡ್ಡವ್ವನಿಗೆ ಕೆಲಸದ ವಯಸ್ಸು ಮೀರಿತ್ತು. ಆದರೂ ಮೊದಲ ದಿನ ಹೋಗಿ ಕಿಟಕಿಗಳನ್ನೆಲ್ಲ ತೆರೆದು, ಗಾಳಿ ಜೋರಾದ್ದರಿಂದ ಮತ್ತೆ ಮುಚ್ಚಿ ಬಂದಳು. ಅವ್ವ, ದೊಡ್ಡವ್ವ ಇಬ್ಬರೂ ಮುದುಕಿಯರಾಗಿ, ಒಂದೇ ಮನೆಯಲ್ಲಿ ಜಗಳವಾಡುತ್ತ ಬಾಳಿ, ಒಂದೇ ವರ್ಷದಲ್ಲಿ ತೀರಿಕೊಂಡರು.

ಎರಡೂ ಊರುಗಳು ಈಗಲೂ ಇವೆ. ಥಂಡರ್ ಬೇ ನೀವು ಗುರುತಿಸಲಾರದಷ್ಟು ದೊಡ್ಡದಾಗಿದೆ. ನನ್ನ ಮಗ ಅಲ್ಲಿದ್ದಾನೆ, ಸುಖವಾಗಿದ್ದಾನೆ. ಬಾಡಿಗೆ ಮನೆ ಸಿಗುವುದೇ ಕಷ್ಟ ಎನ್ನುತ್ತಾನೆ. ಲೆತ್‌ಬ್ರಿಡ್ಜಿನಲ್ಲಿ ನಿಮ್ಮ ಕಾಲದಲ್ಲಿದ್ದ ಜನರ ಅರ್ಧದಷ್ಟೂ ಇಲ್ಲ. ಖಾಲಿ ಮನೆಗಳನ್ನು ಬಿಚ್ಚಿ ಮರವನ್ನು ಬೇರೆ ಊರಿಗೆ ಕೊಟ್ಟೆವು, ಆ ಜಾಗದಲ್ಲಿ ಜೋಳ ಬಿತ್ತಿದೆವು. ಉಳಿದವರಿಗೆ ನೀರು ಸಾಕಾಗುತ್ತದೆ. ಇದು ಸ್ವರ್ಗವಲ್ಲ, ಹಲ್ಲಿನ ವೈದ್ಯರಿಗಾಗಿ ತಿಂಗಳುಗಟ್ಟಲೆ ಕಾಯಬೇಕು, ಹುಡುಗರಿಗೆ ಬೇಸರ. ಆದರೆ ಇದು ಊರು.

ಹೋಲಿಸಬೇಡಿ ಎಂದು ನಾನು ಕೇಳುತ್ತಿಲ್ಲ. ಯಾವುದು ಬೆಳೆಯುತ್ತದೆ, ಯಾವುದು ಕುಗ್ಗುತ್ತದೆ ಎಂದು ತಿಳಿಯುವುದು ಒಳ್ಳೆಯದೇ; ಅವ್ವ ಬದುಕಿಡೀ ಅದನ್ನು ನಂಬಿದವಳು. ನನ್ನ ಕೋರಿಕೆ ಇಷ್ಟೇ. ಹೋಲಿಕೆ ಮುಗಿಸಿದ ಮೇಲೆ, ಸೋತ ಊರಿಗೆ ಒಮ್ಮೆ ಹೋಗಿ ಬನ್ನಿ. ಯಾರದಾದರೂ ಮನೆಯಲ್ಲಿ ಕೂತು ಊಟ ಮಾಡಿ. ಆಮೇಲೆ ಅಲ್ಲಿ ಏನನ್ನು ಮುಚ್ಚಬೇಕೆಂದು ಅವರ ಮುಖ ನೋಡಿಕೊಂಡು ಹೇಳಿ.

ನಿಮ್ಮ ಕಾಲ ನಿಮಗೆ ಒಳ್ಳೆಯದಾಗಲಿ.

ನಿಮ್ಮವಳೇ ಆದ,
ಮಲಪ್ರಭಾ ದಾಕ್ಷಾಯಣಿ ಕೊಣ್ಣೂರ